ಉಪ್ಪು ಕಾಗದ

ಹೊಳಪು ಹೋದದ್ದು ಲೋಹದ್ದಲ್ಲ, ಅಂದುಂಞಿಯವರೇ.
ಮೇಲೊಂದು ಪದರವಿದೆ, ಕಣ್ಣಿಗೆ ಕಾಣದ್ದು,
ನೀರುಳ್ಳಿಯ ಒಳಸಿಪ್ಪೆಯಷ್ಟು ತೆಳು.
ನಿಮ್ಮ ಅಳಿಯ ಭಾನುವಾರವಿಡೀ ಡಬ್ಬಿ ಪಾಲಿಶ್ ಹಚ್ಚಿ ಉಜ್ಜಿದ್ದು
ಗಾಜಿನ ಹೊರಗಿನಿಂದ
ಒಳಗಿನವನ ಮುಖ ತೊಳೆದ ಹಾಗೆ.

ಉಪ್ಪಳ ಗೇಟಿನ ಆಚೆ, ಹೊಸ ಸರ್ವಿಸ್ ರಸ್ತೆಯ ತಗ್ಗಿನಲ್ಲಿ
ನನ್ನ ಶೀಟಿನ ಶೆಡ್ಡು.
ಒಂದು ಕಡೆ ಹೆದ್ದಾರಿಯ ಹುಡಿ, ಇನ್ನೊಂದು ಕಡೆ
ರೈಲುಹಳಿ ದಾಟಿ ಬರುವ ಕಡಲಗಾಳಿ.
ಜಲ್ಲಿಕಲ್ಲು ತಾಗಿ ಪದರ ಸೂಜಿಮೊನೆಯಷ್ಟು ಒಡೆದರೆ ಸಾಕು,
ಉಪ್ಪು ಒಳಹೊಕ್ಕು
ಗೆದ್ದಲಿನ ಹಾದಿಯ ಹಾಗೆ ಬಿಳಿ ಗೆರೆ ಎಳೆಯುತ್ತ ಹೋಗುತ್ತದೆ.
ಮೇಲಿನಿಂದ ಸವರಿದರೆ ನುಣುಪು.
ಏನೂ ಆಗಿಲ್ಲ ಅನ್ನುತ್ತದೆ ಬೆರಳು.

ಅವರ ಮಲಯಾಳಕ್ಕೆ ನನ್ನ ತುಳು,
ಲೆಕ್ಕದ ಚೀಟಿಗೆ ಕನ್ನಡ.
ಶಾರ್ಜಾದಿಂದ ಮರಳಿದ ವರ್ಷ ತೆಗೆದ ಕಾರಂತೆ.
ಹೊಸ ಚಕ್ರ ಬೇಡ, ಇದೇ ಮಿಂಚಬೇಕು.

ಮೊದಲು ಸಾಬೂನು ನೀರು, ಬ್ರೇಕಿನ ಕಪ್ಪು ಹುಡಿ ಹೋಗಲಿಕ್ಕೆ.
ಆಮೇಲೆ ಸ್ಟ್ರಿಪ್ಪರ್. ಕೈಗೆ ದಪ್ಪ ಗವಸು, ಮೂಗಿಗೆ ಬೈರಾಸು.
ಹತ್ತು ನಿಮಿಷಕ್ಕೆ ಪದರ ಸುಕ್ಕುಗಟ್ಟಿ ಏಳುತ್ತದೆ
ಕಾಯಿಸಿಟ್ಟು ಮರೆತ ಹಾಲಿನ ಕೆನೆಯಂತೆ.
ಪ್ಲಾಸ್ಟಿಕ್ ಚೂರಿನಿಂದ ಕೆರೆಯಬೇಕು, ಕಬ್ಬಿಣ ಮುಟ್ಟಿಸಬಾರದು.
ಆಮೇಲೆ ಉಪ್ಪು ಕಾಗದ, ನಮ್ಮಲ್ಲಿ ಅದಕ್ಕೆ ಹಾಗೇ ಹೆಸರು:
ನಾನೂರು, ಎಂಟುನೂರು, ಸಾವಿರದೈನೂರು.
ಸಂಖ್ಯೆ ಏರಿದಷ್ಟೂ ಸ್ವರ ಇಳಿಯುತ್ತದೆ,
ಎರಡು ಸಾವಿರದಲ್ಲಿ ಬರೀ ನೀರಿನ ಸದ್ದು.
ಉಪ್ಪು ಬರೆದದ್ದನ್ನು ಉಪ್ಪು ಕಾಗದವೇ ಅಳಿಸಬೇಕು
ಎಂದು ಹೇಳಿ ನಾನೇ ನಕ್ಕೆ. ಅವರು ನಗಲಿಲ್ಲ.

ಬಫ್ಫಿನ ಬಟ್ಟೆ ತಿರುಗಿ ತಿರುಗಿ ಮೂರು ಚಕ್ರ ಎದ್ದು ಬಂದವು.
ಟ್ಯೂಬ್‌ಲೈಟು, ನನ್ನ ಮೂಗು, ಗೋಡೆಗೊರಗಿದ ಏಣಿ
ಎಲ್ಲ ಬಗ್ಗಿ ಬಗ್ಗಿ ಅದರೊಳಗೆ.

ನಾಲ್ಕನೆಯದರಲ್ಲಿ ಕೆನೆ ಏಳಲಿಲ್ಲ.
ಬಣ್ಣ ಕರಗಿ ಬೂದಿನೀರಾಗಿ ಇಳಿಯಿತು. ಕೆಳಗೆ
ಒರಟು ಎರಕ, ಅಂಚಿನಲ್ಲೊಂದು ಬೆಸುಗೆಯ ಗಾಯ.
ಯಾರೋ ಬೆಳ್ಳಿಬಣ್ಣ ಊದಿ
ಉಳಿದವುಗಳ ವೇಷ ಹಾಕಿಸಿದ್ದರು.
'ಇದು ಆ ಮೂರರ ಒಡಹುಟ್ಟಲ್ಲ' ಎಂದೆ.

ಅಂದುಂಞಿ ಸ್ಟೂಲಿನಲ್ಲಿ ಕೂತರು. ಚಾ ತಣಿಯಿತು.
ಹಿಂದಿನ ಹಳಿಯಲ್ಲಿ ಗೂಡ್ಸು ಗಾಡಿ ಮುಗಿಯುವವರೆಗೂ ಮಾತಿಲ್ಲ.
ಆಮೇಲೆ:
'ಮೊಗ್ರಾಲ್ ಸೇತುವೆಯ ಹತ್ತಿರ. ಬೆಳಗಿನ ಜಾವ.
ಅರೆಗಳಿಗೆ ಕಣ್ಣು ಮುಚ್ಚಿತ್ತು. ಹಿಂದಿನ ಸೀಟಿನಲ್ಲಿ ತಮ್ಮ ಮಲಗಿದ್ದ.
ಕಟ್ಟೆಗೆ ಬಡಿದದ್ದು. ಪಂಕ್ಚರ್, ನೀನು ಮಲಗು ಎಂದೆ.
ಹನ್ನೊಂದು ವರ್ಷ ಅವನಿಗೆ ಅದು ಪಂಕ್ಚರೇ.
ಗುಜರಿಯಲ್ಲಿ ಇದು ಸಿಕ್ಕಿತು, ಎಂಟುನೂರು ರೂಪಾಯಿಗೆ.
ಹೆಂಡತಿಗೂ ಪಂಕ್ಚರೇ.'

ಜೋಡಿ ತರಿಸಬಹುದು, ಕೊಯಮತ್ತೂರಿನಲ್ಲಿ ಒಬ್ಬನಿದ್ದಾನೆ,
ಅಥವಾ ಮತ್ತೆ ಬೆಳ್ಳಿ ಊದಬಹುದು ಎಂದೆ.
ಹೇಳುವುದು ನನ್ನ ಕೆಲಸ.

ಎದ್ದು, ಹೊಳೆವ ಮೂರನ್ನೂ ದಾಟಿ ಹೋಗಿ
ಬೆಸುಗೆಯ ಮೇಲೆ ಹೆಬ್ಬೆರಳಿಟ್ಟರು.
ಈ ಸಲ ಬೆರಳು ಸುಳ್ಳು ಹೇಳಲಿಲ್ಲ.
'ಇದನ್ನು ಮುಂದಿನ ಬಲಕ್ಕೆ ಹಾಕು, ನಾನು ಇಳಿಯುವ ಬದಿಗೆ.
ನೀರು ಹೋಗದ ಹಾಗೆ ಏನಾದರೂ ಬಳಿ.
ಬಣ್ಣ ಬೇಡ.'

ಹಾಗೆ ನಾಲ್ಕಕ್ಕೂ ಅದೇ ಪದರ ಹೊಡೆದೆ,
ತೆಳ್ಳಗೆ ಎರಡು ಕೈ, ಗಾಳಿ ನಿಂತ ಮಧ್ಯಾಹ್ನ ನೋಡಿ.
ಚೀಟಿಯಲ್ಲಿ ಬರೆದೆ: ಚಕ್ರ ಮೂರು, ಪಾಲಿಶ್.
ಕೆಳಗಿನ ಗೆರೆ: ಚಕ್ರ ಒಂದು.
ಮುಂದೆ ಏನು ಬರೆಯಬೇಕೋ ತಿಳಿಯದೆ ಹಣ ಮಾತ್ರ ಹಾಕಿದೆ.
ಚೌಕಾಶಿ ಮಾಡಲಿಲ್ಲ.

ಗುರುವಾರ ಮೀನಿನ ಮಾರ್ಕೆಟ್ಟಿನ ಎದುರು ಆ ಕಾರು ಕಂಡೆ.
ಅವರದ್ದೇ ಹಣೆಯ ಒಬ್ಬ, ಸ್ವಲ್ಪ ಚಿಕ್ಕವನು,
ಕೈಯಲ್ಲಿ ಬಂಗುಡೆಯ ತೊಟ್ಟೆ,
ಕುಕ್ಕರುಗಾಲಲ್ಲಿ ಕೂತು ಮುಂದಿನ ಬಲಚಕ್ರ ನೋಡುತ್ತಿದ್ದ.
ತಲೆಯೆತ್ತಿ ಏನೋ ಕೇಳಿದ.
ಅಷ್ಟರಲ್ಲಿ ತಲಪಾಡಿಯ ಬಸ್ಸು ನಡುವೆ ಬಂದು ನಿಂತಿತು.