ಮೂರು ಸಲಾಮು

ಚಿಲಕ ಕಳಚಿದ್ದು ಅವನ ಉಪ್ಪ.
ಬೆಂಗರೆಯ ಕೊನೆ ದೋಣಿ ಹಿಡಿದು ಬಂದವರು
ಅಂಗಿ ಬಿಚ್ಚದೆ, ಊಟಕ್ಕೂ ಕೂರದೆ
ಸ್ಕ್ರೂಡ್ರೈವರ್ ಕೇಳಿದರು.
ಹಗಲಿಡೀ ದಕ್ಕೆಯಲ್ಲಿ ಐಸ್ ಒಡೆದ ಕೈ,
ನಾಲ್ಕು ಸ್ಕ್ರೂ ತೆಗೆಯಲು ಅರ್ಧ ಗಂಟೆ ಬೇಕಾಯಿತು.
ಡಾಕ್ಟರಮ್ಮ ಹೇಳಿದ್ದರು: ಸದ್ಯಕ್ಕೆ ಒಳಗಿಂದ ಚಿಲಕ ಬೇಡ.
ಯಾಕೆಂದು ನಾವು ಕೇಳಲಿಲ್ಲ.

ತೆಳು ಹಲಗೆ. ಬಾಗಿಲಲ್ಲೀಗ ನಾಲ್ಕು ತೂತು.
ಸಂಜೆ, ಕಡಲ ಕಡೆಯ ಬಿಸಿಲು
ಅವನ ಕೋಣೆ ದಾಟಿ
ನಾಲ್ಕು ನೂಲಾಗಿ ನನ್ನ ಕಡೆ ಬರುತ್ತದೆ.

ಮೊದಲೆಲ್ಲ ಬಡಿಯುತ್ತಿದ್ದೆ,
ಮೀನಿನ ಪೆಟ್ಟಿಗೆ ಬಡಿದ ಹಾಗೆ.
ತ್ವಾಹಾ, ಸುಬ್ಹಿಗೆ ಏಳು. ಟ್ಯೂಷನ್ನಿಗೆ ಏಳು.
ಮರಿಯಂಬಿಯ ಮಗನನ್ನು ನೋಡು, ನಿನ್ನದೇ ಪ್ರಾಯ,
ತರಾವೀಹ್‌ಗೆ ಇಮಾಮ್ ನಿಂತ.
ಎಷ್ಟು ಮನೆಯ ಮಕ್ಕಳ ಹೆಸರು ಹೊರಿಸಿದೆ ಇವನ ಮೇಲೆ!
ಬ್ಯಾರಿಯಲ್ಲಿ ಕೇಳಿದರೆ ಉತ್ತರ ಕನ್ನಡದಲ್ಲಿ:
"ಎಂತ ಇಲ್ಲ."
ಶಾಲೆಯ ಮಾತಿನ ಹಿಂದೆ ನಿಂತು
ಮನೆಮಾತಿಗೆ ಅಗಳಿ ಹಾಕಿದ್ದ.

ನಾದಿನಿ ಅಂದಳು, ಜಿನ್ನಿನ ಕಾಟ.
ಉಸ್ತಾದರ ಬಳಿ ನೀರು ಊದಿಸಲು ಹೋದೆ.
ಊದಿದರು. ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿದರು,
"ಮಾತ್ರೆ ತಪ್ಪಿಸುವುದಿಲ್ಲ ತಾನೆ?"
ಅರ್ಧ ತೆರೆದ ಅವರ ಡ್ರಾವರಿನಲ್ಲಿ
ಅದೇ ಬಣ್ಣದ ಸ್ಟ್ರಿಪ್ಪು.
ನಾನು ನೋಡಿದ್ದನ್ನು ಅವರು ನೋಡಿದರು.
ಮುಚ್ಚಲಿಲ್ಲ.

ಮದ್ರಸದಲ್ಲಿ ನಾನೂ ಓದಿದ್ದೆ:
ಯಾರ ಬಾಗಿಲಾದರೂ ಹೊರಗೆ ನಿಂತು ಸಲಾಂ ಹೇಳು,
ಒಂದು ಸಲ, ಎರಡು ಸಲ, ಮೂರು ಸಲ.
ಉತ್ತರ ಬಾರದಿದ್ದರೆ ತಿರುಗಿ ಹೋಗು.
ನೆರೆಯವರಿಗೆ, ಬೀಗರಿಗೆ, ಸಾಲ ಕೇಳಲು ಹೋದ ಮನೆಗೂ ಪಾಲಿಸಿದ್ದೆ.
ಹೆತ್ತ ಮಗನಿಗೆ? ಹದಿನಾರು ವರ್ಷ
ಅವನ ಕೋಣೆ ನನ್ನ ಅಡುಗೆಮನೆಯ ಇನ್ನೊಂದು ಮೂಲೆ
ಅಂದುಕೊಂಡಿದ್ದೆ.

ಈಗ ಬೆರಳು ತಾಗಿದರೆ ಸಾಕು, ತೆರೆಯುವ ಬಾಗಿಲು.
ಹೊರಗೆ ನಿಲ್ಲುತ್ತೇನೆ.
ಅಸ್ಸಲಾಮು ಅಲೈಕುಂ, ಮೋನೇ.
ಬಂದರಿನತ್ತ ಹೊರಟ ದೋಣಿಯ ಇಂಜಿನ್.
ಅಸ್ಸಲಾಮು ಅಲೈಕುಂ.
ಫ್ಯಾನು.
ಮೂರನೆಯದನ್ನು ಮೆಲ್ಲಗೆ, ಮಲಗಿದ್ದರೆ ಎಚ್ಚರಾಗದ ಹಾಗೆ,
ಎಚ್ಚರಿದ್ದರೆ ಕೇಳುವ ಹಾಗೆ.

ಪಾಠದ ಪ್ರಕಾರ ಇನ್ನು ನಾನು ಹೋಗಬೇಕು.
ಹೋಗುವುದಿಲ್ಲ. ಒಳಗೂ ಕಾಲಿಡುವುದಿಲ್ಲ.
ಹೊಸ್ತಿಲ ಈಚೆ ಕೂತು ಬೆಳ್ಳುಳ್ಳಿ ಸುಲಿಯುತ್ತೇನೆ.
ಇದಕ್ಕೆ ಕಿತಾಬಿನಲ್ಲಿ ಏನನ್ನುತ್ತಾರೋ,
ತಾಯಂದಿರ ಲೆಕ್ಕ ಅಲ್ಲಾಹನು ಬೇರೆ ಬರೆದಾನು.

ಮೊನ್ನೆ ಒಳಗಿಂದ ಬಂತು,
"ವ ಅಲೈ..."
ಅಷ್ಟೆ. ಉಳಿದದ್ದು ದಿಂಬಿನೊಳಗೆ ಹೋಯಿತು.
ಓಡಿಹೋಗಿ ಅಪ್ಪಿ, ಅತ್ತು, ಕೆಡಿಸಲಿಲ್ಲ ನಾನು.
ಎಸಳು ಬೆರಳ ನಡುವೆಯೇ ಜಜ್ಜಿ ಹೋಗಿತ್ತು.

ಇವತ್ತು ಅದೂ ಇಲ್ಲ.
ಅವನ ಉಪ್ಪ ಬಂದು ಪಕ್ಕದಲ್ಲಿ ಕೂತರು, ಬರಿ ನೆಲಕ್ಕೆ.
ಒಂದು ಎಸಳು ತೆಗೆದುಕೊಂಡು
ಐಸಿನ ಬೆರಳಲ್ಲಿ ಸುಲಿಯತೊಡಗಿದರು,
ಸ್ಕ್ರೂ ತೆಗೆದಷ್ಟೇ ನಿಧಾನಕ್ಕೆ.