ಕಾವಿ ಉಟ್ಟ ನೀರು

ಯೂಟ್ಲಂಡಿನ ಪಡುವಣದಲ್ಲಿ, ಹಂದಿಕೊಟ್ಟಿಗೆಗಳ ಹಿಂದೆ,
ಮೊಣಕಾಲು ಮುಳುಗದ ಒಂದು ತೊರೆ.
ಹೆಸರಿದೆ; ಹೇಳಹೋದರೆ ಅರ್ಧ
ಗಂಟಲಲ್ಲೇ ಉಳಿಯುತ್ತದೆ.
ಮಾರ್ಚಿನ ಗಾಳಿ. ಬೋದಿಲ್ ಸಿರಿಂಜಿಗೆ ನೀರೆಳೆದು
ಬಿಳಿಯ ಸೋಸುಕಾಗದದೊಳಗೆ ಒತ್ತುತ್ತಾಳೆ,
ಹೆಬ್ಬೆರಳು ನೀಲಿಗಟ್ಟುವ ತನಕ.

ಕಳೆದ ವಾರ ಸೋಸದೆ ಒಯ್ದಿದ್ದಳು.
ಒರತೆಯ ಬಾಯಲ್ಲಿ ಕನ್ನಡಿಯಂತಿದ್ದ ನೀರು
ಕಾರಿನಲ್ಲೇ, ಮುಚ್ಚಿದ ಸೀಸೆಯೊಳಗೇ
ತುಕ್ಕು ಹಿಡಿಯಿತು.
ರಂಜಕವೇ? ಇಲ್ಲವೇ ಇಲ್ಲ ಎಂದಿತು ಯಂತ್ರ.
ಇತ್ತು. ದಾರಿಯಲ್ಲಿ ಕಬ್ಬಿಣ ಅದನ್ನೆತ್ತಿಕೊಂಡು
ತಳದಲ್ಲಿ ಕೂತುಬಿಟ್ಟಿತ್ತು,
ಕದ್ದ ಬೆಲ್ಲ ಮಡಿಲಲ್ಲಿಟ್ಟ ಮುದುಕಿಯ ಹಾಗೆ.

ಬೇಲಿಗೊರಗಿ ಎಸ್ಕಿಲ್ ಕೇಳುತ್ತಾನೆ:
‘ನನ್ನ ಹಂದಿಗಳದ್ದೇ ಅನ್ನುತ್ತೀಯಾ?’
‘ನಿನ್ನವೂ.’
ಉಗುಳಹೊರಟವನು ನುಂಗಿಕೊಳ್ಳುತ್ತಾನೆ.
ಅವನಜ್ಜಿ ಈ ನೀರಲ್ಲಿ ಒಗೆದ ಹಾಸುಗಳಲ್ಲಿ
ಒಂದೂ ಬೆಳ್ಳಗುಳಿಯಲಿಲ್ಲವಂತೆ.
ಮದುವೆಯ ಮೇಜುಬಟ್ಟೆಯನ್ನು
ಈಗಲೂ ಕ್ರಿಸ್‌ಮಸ್ಸಿಗೆ ಹಾಸುತ್ತಾರಂತೆ,
ಕಲೆಯಿದ್ದ ಕಡೆ ತಟ್ಟೆಯಿಟ್ಟು.

ನೆಲದಡಿಯ ಕತ್ತಲಲ್ಲಿ ಕಬ್ಬಿಣಕ್ಕೆ ಬಣ್ಣವಿಲ್ಲ.
ಹೊರಬಂದು ಮೊದಲ ಉಸಿರೆಳೆದದ್ದೇ
ಕಾವಿ ಉಡುತ್ತದೆ.
ಉಟ್ಟ ಮೇಲೆ ಬಿಡಬೇಕಲ್ಲವೆ?
ಬಾಚುತ್ತದೆ. ಗದ್ದೆಯಿಂದ ತೊಳೆದು ಬಂದದ್ದು,
ಕೊಟ್ಟಿಗೆಯಿಂದ ಸೋರಿದ್ದು, ಕೊಳೆತ ಎಲೆಯದ್ದು,
ಸತ್ತ ಮೀನಿನ ಮುಳ್ಳಿನದ್ದು —
ಕಣ್ಣಿಗೆ ಕಾಣದಷ್ಟು ಸಣ್ಣ ಕಣ,
ಮೈಯೆಲ್ಲ ಅಂಟು, ಮೈಯೆಲ್ಲ ಕೈ.
ಇಷ್ಟು ಸಂಸಾರ ಹೊತ್ತ ಸನ್ಯಾಸಿಯನ್ನು
ನಾನು ಬೇರೆಲ್ಲೂ ಕಂಡಿಲ್ಲ.

ಹೊತ್ತುಕೊಂಡೇ ಕೆಳಗಿನ ಸರೋವರಕ್ಕಿಳಿದು
ಕೆಸರಾಗಿ ಮಲಗುತ್ತದೆ. ಅಷ್ಟೇ ಆಗಿದ್ದರೆ.
ಆಗಸ್ಟಿನ ಹೊತ್ತಿಗೆ ತಳದ ನೀರಲ್ಲಿ ಉಸಿರು ತೀರಿ
ಕಾವಿ ಕಳಚಿಬೀಳುತ್ತದೆ,
ಒಂದೊಂದೇ ಬೆರಳು ಸಡಿಲಿ
ಹಿಡಿದದ್ದೆಲ್ಲ ಮೇಲೆ.
ಆಮೇಲೆ ಪಾಚಿ, ಹಸಿರು ಗಂಜಿಯ ಹಾಗೆ.
ಆಮೇಲೆ ದಂಡೆಯಲ್ಲೊಂದು ಹಲಗೆ: ಮಕ್ಕಳು ಇಳಿಯಕೂಡದು.
ಹಲಗೆಯ ಮೊಳೆಗಳಿಗೂ ತುಕ್ಕು.

ಹದಿನೇಳನೆಯ ಕಾಗದ.
ಬೋದಿಲ್ ಚಿಮುಟದಲ್ಲಿ ಹಿಡಿದು ತೋರಿಸುತ್ತಾಳೆ,
ನಾಣ್ಯದಗಲದ ಕಿತ್ತಳೆ.
‘ಇದರಲ್ಲಿದೆಯೇ?’ ಎಂದು ಎಸ್ಕಿಲ್ ಮುಟ್ಟಿಬಿಡುತ್ತಾನೆ.
ಮಾದರಿ ಕೆಟ್ಟಿತು. ಅವಳು ಬೈಯುವುದಿಲ್ಲ,
ಹದಿನೆಂಟನೆಯದನ್ನು ತೆಗೆಯುತ್ತಾಳೆ.
ಅವನು ಹೆಬ್ಬೆರಳನ್ನು ಚಡ್ಡಿಗೆ ಒರೆಸುತ್ತಾನೆ,
ಮತ್ತೆ ಒರೆಸುತ್ತಾನೆ.
‘ಹೋಗುವುದಿಲ್ಲ ಅದು.’
‘ಗೊತ್ತು,’ ಅನ್ನುತ್ತಾನೆ.