ಇಲ್ಲೀತನಾ ನೀರು

ಸೆಕ್ಟರ್ ಮೂವತ್ತೆಂಟು, ಟಿ.ವಿ. ಪಕ್ಕದ ಕಟ್ಟೆ,
ಎರಡಡಿ ಗಾಜಿನ ಪೆಟ್ಟಿಗೆ. ಒಳಗಿನ್ನೂ ಬರೀ ಗಾಳಿ,
ಒಂದು ಸತ್ತ ಸೊಳ್ಳೆ, ಅಂಗಡಿಯವನ ಬೆರಳಚ್ಚು.
ಖಾಜಾಸಾಬ ಹೇಳಿ ಕಳಿಸಿದ್ದ:
ಮೀನಿಗೆ ಅವಸರ ಮಾಡಬ್ಯಾಡ್ರಿ,
ಮೊದಲ ಊರು ಕಟ್ರಿ, ನೀರು ಹಳೇದಾಗ್ಲಿ,
ತಿಂಗಳ ಬಿಟ್ಟು ಬರ್ರಿ.

ಉಸುಕು ಏಳು ಸಲ ತೊಳೆದೆವು.
ಆರನೆಯ ಬಕೆಟ್ಟಿನಲ್ಲೂ ರಾಡಿ.
"ಹಿಂದ ಎತ್ತರ, ಮುಂದ ತಗ್ಗು" ಎಂದಳು ಚಿನ್ಮಯಿ,
ಸ್ಟೀಲ್ ಸ್ಕೇಲಿನಿಂದ ಇಳಿಜಾರು ತೀಡುತ್ತ.
ಓದುವುದು ಏಳನೇ ಕ್ಲಾಸು; ಕೈ ಮಾತ್ರ ಗೌಂಡಿಯದು.

ಕಲ್ಲು ಇಡುವ ಕೆಲಸ ನನಗೆ ಬಿಟ್ಟಳು.
ಪಾಲಿಶ್ ಕಾರ್ಖಾನೆ ಹಿಂದೆ ಬಿದ್ದಿದ್ದ ಇಳಕಲ್ಲಿನ ಕೆಂಪು ಚೂರು:
ಎರಡು ಈ ಕಡೆ, ಮೂರು ಆ ಕಡೆ,
ನಡುವೆ ಒಂದಾಳು ಹೋಗುವಷ್ಟು ಸಂದಿ,
ತುದಿಗೆ ಬಲಕ್ಕೆ ತಿರುವು, ತಿರುವಿನಲ್ಲಿ ಚಪ್ಪಟೆಯದೊಂದು.
ಇಟ್ಟು ಹಿಂದೆ ಸರಿದಾಗಲೇ ಗೊತ್ತಾಯಿತು
ಇದು ಕಿಲ್ಲಾ ಓಣಿ.
ಚಪ್ಪಟೆಯದು ಬಂದಮ್ಮ ಕುಳಿತು ಮಡಕಿಕಾಳು ಮಾರುತ್ತಿದ್ದ ಕಟ್ಟೆ.

"ಸಾಲಾಗಿ ಇಟ್ರ ಬಜಾರ ಕಂಡಂಗ ಕಾಣ್ತದ ಅಪ್ಪಾ."
ಮೂರು ತೆಗೆದಳು. ಒಂದನ್ನು ಓರೆ ಮಾಡಿ ಅರ್ಧ ಹೂತಳು.
ಹೂತ ಮೇಲೆ ಅದು
ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ ಕಂಡಿತು.
ಅವಳದೇ ಸರಿ.

ಆಮೇಲೆ ನಾನು ಮೋಟಾರು ಸುತ್ತುವ ತಂತಿಯ ಡಬ್ಬದ ತಳದಿಂದ
ಹಳೆಯ ಮನೆ ಹೊಸ್ತಿಲ ಮೂಲೆ ತೆಗೆದೆ.
ಒಂದು ಮೇ ತಿಂಗಳು, ಹಿನ್ನೀರು ಇಳಿದು
ಪಾಯಗಳು ಹಲ್ಲಿನಂತೆ ಮೇಲೆ ಬಂದಾಗ
ಕಿಸೆಯಲ್ಲಿ ಹಾಕಿಕೊಂಡು ಬಂದದ್ದು.
"ತಡಿ" ಎಂದು ಅರ್ಧ ಲಿಂಬೆಹಣ್ಣು ಹಿಂಡಿದಳು.
ಕಲ್ಲು ಸಣ್ಣಗೆ ಬುಸುಗುಟ್ಟಿ ನೊರೆ ಕಾರಿತು.
"ಸುಣ್ಣದ ಕಲ್ಲು. ಕರಗತದ, ನೀರ ಗಡಸ ಮಾಡತದ. ಬ್ಯಾಡ."

ಇಷ್ಟು ವರ್ಷ ನೀರಿನಲ್ಲೇ ಇತ್ತಲ್ಲ ಅನ್ನಬೇಕೆಂದೆ.
ಹೆಬ್ಬೆರಳಿಂದ ಅಂಚು ಸವರಿದೆ,
ಅಂಚು ಸಿಗಲಿಲ್ಲ.
ಈಗದು ಅಡುಗೆಮನೆ ಬಾಗಿಲು ಬಡಿದುಕೊಳ್ಳದಂತೆ ತಡೆಯುತ್ತದೆ.

ಜಾಲಿಬೇರು ಸಿಕ್ಕದ್ದು ಹಿನ್ನೀರ ದಂಡೆಯಲ್ಲಿ,
ಮುರಿದ ತೆಪ್ಪದ ಪಕ್ಕ.
ಮೂರು ದಿನ ಸ್ನಾನದ ಹಂಡೆಯಲ್ಲಿ ಕುದಿಸಿದೆವು.
"ಬೇರಿನ ಸಾರು ಮಾಡ್ಲೇನು?" ಗಂಗೂ ಸಿಡುಕಿದಳು,
ಸಿಡುಕುತ್ತಲೇ ತವರಿನ ಗುಳೇದಗುಡ್ಡದ ನೂಲು ಕೊಟ್ಟಳು,
ಅನುಬಿಯಾಸ್ ಕಟ್ಟುವುದಕ್ಕೆ.
"ಇದರ ಗಡ್ಡಿ ಹೂಳಬಾರದು, ಕೊಳಿತದ" ಚಿನ್ಮಯಿ ಗಂಟು ಬಿಗಿದಳು,
"ಸುಮ್ಮ ಕಟ್ಟಿ ಬಿಟ್ರ ತಾನ ಹಿಡಕೋತದ."
ಉದ್ದ ಎಲೆಯ ಹುಲ್ಲನ್ನು ಹಿಂದೆ ನೆಟ್ಟೆವು,
ಚಿಮಟದಲ್ಲಿ, ಒಂದೊಂದೇ ಎಸಳು,
ನಾಟಿ ಹಚ್ಚುವವರಂತೆ ಬಗ್ಗಿ.

ತಾಟಿನ ಮೇಲೆ ಸುರಿದೆ, ಉಸುಕು ಕದಡದಂತೆ.
ಅವಳು ಸ್ಕೆಚ್ ಪೆನ್ನಿನಿಂದ ಗಾಜಿಗೆ ಕೆಂಪು ಗೆರೆ ಎಳೆದು
"ಇಲ್ಲೀತನಾ ನೀರು" ಎಂದಳು.

ನನಗೂ ಆಗ ಅವಳಷ್ಟೇ ವಯಸ್ಸು.
ಸರ್ವೇದವನ ಡಬ್ಬಿ ಹಿಡಿದು ನಾನೇ ನಿಂತಿದ್ದೆ,
ನಮ್ಮ ಗೋಡೆಗೆ ಕೆಂಪು ಬಣ್ಣ ಬಳಿದು ಅವನೂ ಹೀಗೇ,
ಇದೇ ಮೂರು ಮಾತು. ಕುಂಚ ಒರೆಸಿಕೊಂಡು ನೀರು ಕೇಳಿದ.
ಅವ್ವ ಬೆಲ್ಲ ಇಟ್ಟು ಕೊಟ್ಟಳು.

"ಅಪ್ಪಾ, ಸಾಕು, ಸಾಕು! ಗೆರಿ ದಾಟೇತಿ!"
ಒಂದು ತಂಬಿಗೆ ವಾಪಸು ಮೊಗೆದೆ.

ರಾತ್ರಿ ಎರಡಕ್ಕೆ ಡುಬಕ್ ಎಂದು ಸದ್ದು.
ದೀಪ ಹಾಕಿದರೆ ಬೇರು ಮೇಲೆದ್ದು ತೇಲುತ್ತಿದೆ,
ನೂಲಿನಲ್ಲಿ ಜೋತ ಎಲೆಗಳ ಸಮೇತ,
ಒಂದು ಬೆರಳು ನೀರಿನ ಹೊರಗೆ.
ಅಂಗಿ ತೋಳು ಮಡಚಿ ಕೈ ಇಳಿಸಿದೆ.
ಗಾಜಿನಾಚೆಯಿಂದ ನೋಡಿದರೆ
ನನ್ನದೇ ಮೊಣಕೈ ಮುರಿದಿತ್ತು.
ಒತ್ತಿ ಹಿಡಿದೆ. ಬಿಟ್ಟೆ. ಮತ್ತೆ ಎದ್ದಿತು.

ಬಾಗಿಲಲ್ಲಿ ಚಿನ್ಮಯಿ, ಕಣ್ಣು ತಿಕ್ಕುತ್ತ:
"ಇನ್ನಾ ನೀರು ಕುಡದಿಲ್ಲ ಅದು.
ಈಗ ಮಲಕೋ. ನಾಳೆ ಮ್ಯಾಲ ಒಂದು ಕಲ್ಲು ಹೇರೂಣು."